ಸಂಗಪ್ಪ ಕಾಕಾನ ಒಂಟಿ ನಳಿಗೆಗಳು

ಮೊನ್ನೆ ನಮ್ಮ ಮಗ್ಗದ ಮನೆಯಲ್ಲಿ ಒಂದು ಮಗ್ಗ ಬೆಳಗಿನಿಂದ ಕಿರ್ರೆನ್ನುತ್ತಿತ್ತು. ರಿಪೇರಿಯವನು ಬಂದು ಅದನ್ನು ನಿಲ್ಲಿಸಿ, ತಿರುಗುವ ಭಾಗಗಳಿಗೆಲ್ಲ ತೆಳ್ಳನೆಯ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟ. ವಾಸನೆ ಪಡಸಾಲೆಯವರೆಗೂ ಬಂತು. ರಬಕವಿಯಲ್ಲಿ ಹುಟ್ಟಿದವರಿಗೆ ಇದೇನು ಹೊಸದಲ್ಲ, ತೊಟ್ಟಿಲಲ್ಲಿದ್ದಾಗಲೇ ಮೂಗಿಗೆ ಹತ್ತಿದ ವಾಸನೆ. ಉಳಿದವರಿಗೆ ಇದರಿಂದ ಮಗ್ಗ ನೆನಪಾಗುತ್ತದೆ, ಸೀರೆ ನೆನಪಾಗುತ್ತದೆ. ನನಗೆ ಬಂದೂಕು ನೆನಪಾಗುತ್ತದೆ.

ಹೆದರಬೇಡಿ. ನಮ್ಮ ಮನೆತನದಲ್ಲಿ ದರೋಡೆ ಮಾಡಿದವರು ಯಾರೂ ಇಲ್ಲ, ಫೌಜಿಗೆ ಹೋದವರೂ ಇಲ್ಲ. ಇರುವವರು ಸಂಗಪ್ಪ ಕಾಕಾ ಒಬ್ಬರು, ನನ್ನ ಅಪ್ಪನ ತಮ್ಮ. ವೃತ್ತಿಯಿಂದ ಸೀರೆ ವ್ಯಾಪಾರಿ. ಊಟದಲ್ಲಿ ಮೊಟ್ಟೆಯನ್ನೂ ಮುಟ್ಟದವರು. ಗುಬ್ಬಿ ಗೂಡು ಕಟ್ಟಿತೆಂದು ಪಡಸಾಲೆಯ ಫ್ಯಾನನ್ನು ಒಂದಿಡೀ ಬೇಸಿಗೆ ಹಚ್ಚದೇ ಬೆವರಿದವರು. ಇಂಥವರಿಗೆ ಹಳೆಯ ಬಂದೂಕುಗಳ ಹುಚ್ಚು. ಅದೂ ಎಲ್ಲ ಬಂದೂಕುಗಳದ್ದಲ್ಲ, ಒಂದೇ ನಳಿಗೆ, ಒಂದೇ ಗುಂಡಿನವು. ಒಮ್ಮೆ ಹೊಡೆದರೆ ಮುಗಿಯಿತು, ಮತ್ತೆ ನಳಿಗೆಯ ಹಿಂಬಾಗಿಲು ತೆರೆದು ಮದ್ದುಗುಂಡಿನ ಹೊಸ ತೋಟಾ ತುಂಬಬೇಕು. ಅಂಥವು.

ಮನೆಗೆ ಮೊದಲ ಬಂದೂಕು ತಂದವರು ನನ್ನ ಅಜ್ಜ. ಸಂಸ್ಥಾನಗಳ ಕಾಲದಲ್ಲಿ ಅವರು ಗಾಡಿಯಲ್ಲಿ ಸೀರೆ ಹೇರಿಕೊಂಡು ಜಮಖಂಡಿ, ಮುಧೋಳ, ಬೀಳಗಿ ಸಂತೆಗಳನ್ನು ತಿರುಗುತ್ತಿದ್ದರು. ದಾರಿಯಲ್ಲಿ ಕಳ್ಳರ ಕಾಟವಿತ್ತೆಂದು ಪರವಾನಗಿ ಪಡೆದು ಒಂದು ಒಂಟಿ ನಳಿಗೆ ಇಟ್ಟುಕೊಂಡರು. ಅದು ಒಮ್ಮೆಯೂ ಕಳ್ಳನನ್ನು ಕಾಣಲಿಲ್ಲವಂತೆ. ಅಜ್ಜನ ನಂತರ ನನ್ನ ಅಪ್ಪ ಅದನ್ನು ಮುಟ್ಟಲು ಒಲ್ಲೆನೆಂದರು, ಕಾಕಾ ಎರಡೂ ಕೈ ಚಾಚಿದರು. ಬಂದೂಕಿನೊಂದಿಗೆ ಹುಚ್ಚೂ ಬಂತು.

ನಾನು ಆಗ ಕಾಲೇಜಿಗೆ ಹೋಗುವ ಜಾಣೆ. ದೀಪಾವಳಿಯಲ್ಲಿ ಯಾರೋ ಪಟಾಕಿ ಹಚ್ಚಿದರೆ ಕಿವಿ ಮುಚ್ಚಿಕೊಂಡು ಅಡುಗೆಮನೆ ಸೇರುವವಳಾದರೂ ಅಹಿಂಸೆಯ ಮೇಲೆ ಭಾಷಣ ಮಾಡುವ ಧೈರ್ಯಕ್ಕೇನೂ ಕಡಿಮೆಯಿರಲಿಲ್ಲ. ಒಂದು ದಿನ ಕಾಕಾ ಅಜ್ಜನ ಬಂದೂಕನ್ನು ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು, ನನ್ನನ್ನು ಕರೆದು ಒಳಗೆ ನೋಡೆಂದರು. ಏನೋ ಕತ್ತಲ ಕೊಳವೆ ಎಂದುಕೊಂಡು ಕಣ್ಣಿಟ್ಟೆ. ಒಳಗೆ ಬೆಳಕು ಉಂಗುರ ಉಂಗುರವಾಗಿ, ಒಂದರೊಳಗೊಂದು, ತುದಿಯಲ್ಲಿ ನಮ್ಮ ಅಂಗಳದ ಬೇವಿನ ಮರದ ಒಂದು ರೂಪಾಯಿಯಷ್ಟು ಹಸಿರು. ಬಾವಿಯ ತಳದಿಂದ ಆಕಾಶ ನೋಡಿದ ಹಾಗಿತ್ತು. ಭಾಷಣ ಗಂಟಲಲ್ಲೇ ಉಳಿಯಿತು.

ಆಮೇಲೆ ಹಿಡಿದು ನೋಡೆಂದರು. ಹಿಡಿದೆ. ಗುರಿ ನೋಡೆಂದರು. ಉಸಿರು ಬಿಗಿಹಿಡಿದು ಎರಡೂ ಕಣ್ಣು ಮುಚ್ಚಿದೆ.

"ಒಂದ ಕಣ್ಣ ಮುಚ್ಚಬೇಕವ್ವಾ," ಎಂದರು ಕಾಕಾ. "ಎರಡೂ ಮುಚ್ಚಿದರ ಅದು ಪೂಜಿ ಆಕ್ಕೈತಿ."

ಅವಮಾನ ಮರೆಸಲು ನಾನು ಕೇಳಿದೆ: "ಎರಡ ನಳಗೀವು ಬರತಾವಲ್ಲ ಕಾಕಾ, ಐದಾರ ಗುಂಡಿನವೂ ಬರತಾವಂತ. ನೀವ್ಯಾಕ ಈ ಒಂಟಿದ್ದ ಹಿಂದ ಬಿದ್ದೀರಿ?"

ಕಾಕಾ ನಳಿಗೆಯನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡರು. "ಎರಡನೇದು ಐತಿ ಅಂತ ಗೊತ್ತಿದ್ದರ ಮೊದಲನೇದನ್ನ ಯಾರೂ ಮನಸಿಟ್ಟು ಹೊಡಿಯಂಗಿಲ್ಲ. ಇದನ್ನ ಹಿಡದಾಂವ ಹತ್ತ ಸಲ ವಿಚಾರ ಮಾಡತಾನ. ಒಂಬತ್ತ ಸಲ ಹೊಡೀದನ ಕೆಳಗ ಇಡತಾನ. ಅಂಥಾ ಸಾಮಾನು ಜಗತ್ತಿನ್ಯಾಗ ಬ್ಯಾರೆ ಯಾವುದೈತಿ ಹೇಳು."

ಆಗ ನನಗೆ ಅದು ಬರೀ ಚಂದದ ಮಾತೆನಿಸಿತು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಸೀರೆ ಸಂಗ್ರಹಿಸುವವರು ಕಪಾಟು ತುಂಬುವಷ್ಟು ಸಂಗ್ರಹಿಸಬಹುದು, ಹಳೆಯ ನಾಣ್ಯದವರು ಗಡಿಗೆ ತುಂಬಬಹುದು. ಬಂದೂಕಿನವರಿಗೆ ಆ ಸುಖವಿಲ್ಲ. ಆಗಿನ ಕಾನೂನಿನಂತೆ ಒಬ್ಬ ಮನುಷ್ಯನ ಪರವಾನಗಿಯಲ್ಲಿ ಮೂರಕ್ಕಿಂತ ಹೆಚ್ಚು ಇರಬಾರದು. ಹೀಗಾಗಿ ಕಾಕಾನ ಸಂಗ್ರಹ ಮನೆಯೊಳಗೆ ಇರಲಿಲ್ಲ. ನಾಲ್ಕು ಊರುಗಳಲ್ಲಿ, ಬೇರೆಬೇರೆಯವರ ಗೋಡೆಗಳ ಮೇಲೆ ಇತ್ತು. ಜಮಖಂಡಿಯ ಯಾವ ವಾಡೆಯ ದೇವರಕೋಣೆಯ ಪಕ್ಕ ಯಾವುದು ನಿಂತಿದೆ, ಬೀಳಗಿಯ ಯಾವ ಗೌಡರ ಅಟ್ಟದ ಮೇಲೆ ಯಾವುದು ಮಲಗಿದೆ, ಯಾವುದರ ಕುದುರೆ, ಅಂದರೆ ಹಿಂದಿನ ಬಡಿಯುವ ಕೊಕ್ಕೆ, ಸಡಿಲಾಗಿದೆ, ಯಾವುದರ ಹಿಡಿಗೆ ಹುಳ ಹತ್ತಿದೆ, ಎಲ್ಲ ಅವರಿಗೆ ಗೊತ್ತು. ಸೀರೆ ಗಂಟಿನ ಜೊತೆ ಮಗ್ಗದ ಎಣ್ಣೆಯ ಒಂದು ಸಣ್ಣ ಡಬ್ಬಿ, ಒಂದಷ್ಟು ಹಳೆಯ ಮೆತ್ತನೆಯ ಬಟ್ಟೆ ಇಟ್ಟುಕೊಂಡು ಹೋಗುವರು. ಮನೆಯವರು ಸೀರೆ ಆರಿಸುವಷ್ಟರಲ್ಲಿ ಇವರು ಬಂದೂಕು ಒರೆಸಿ ಮುಗಿಸುವರು. ಸೀರೆ ಕೊಂಡರೂ ಸರಿ, ಬಿಟ್ಟರೂ ಸರಿ, ಖುಷಿಯಾಗಿ ಮನೆಗೆ ಬರುವರು. ಅವರ ಹೆಂಡತಿ ಕಾಕಿಗೆ ಮಾತ್ರ ಈ ಖುಷಿಯ ಲೆಕ್ಕ ಹತ್ತುತ್ತಿರಲಿಲ್ಲ.

ಮುಧೋಳದ ಕಡೆಯ ಒಂದು ಹಳೆಯ ವಾಡೆಗೆ ನನ್ನನ್ನೂ ಒಮ್ಮೆ ಕರೆದೊಯ್ದಿದ್ದರು. ಮನೆಯ ಹಿರಿಯಾಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಬಿಳಿ ಕೂದಲಿನ, ನೆಟ್ಟನೆಯ ಬೆನ್ನಿನ ಹೆಂಗಸು. ಆಕೆಯೇ ಒಳಗಿನಿಂದ ಬಂದೂಕನ್ನು ತಂದು ಜಮಖಾನೆಯ ಮೇಲಿಟ್ಟರು. ಅಷ್ಟೇನೂ ಅಲಂಕಾರದ್ದಲ್ಲ. ಆದರೆ ಅದರ ಮರದ ಹಿಡಿಯ ಮೇಲೆ, ಒಂದು ಪಕ್ಕಕ್ಕೆ, ಮೆತ್ತನೆಯ ತಗ್ಗಿತ್ತು. ಕೆತ್ತಿದ್ದಲ್ಲ, ಸವೆದದ್ದು. ಹಳೆಯ ಮನೆಗಳ ಹೊಸ್ತಿಲು ಸವೆಯುತ್ತದಲ್ಲ, ಹಾಗೆ.

"ಇದೇನ ಗೊತ್ತೇನವ್ವಾ?" ಎಂದರು ಆಯಿ. "ಗುರಿ ಹಿಡಿಯುವಾಗ ಗಲ್ಲಾ ಇಡೂ ಜಾಗಾ. ನಮ್ಮ ಮಾವನೋರ ಅಪ್ಪಾರು, ನಮ್ಮ ಮಾವನೋರು, ನಮ್ಮ ಮನ್ಯಾರು, ಎಲ್ಲಾರ ಗಲ್ಲಾನೂ ಇಲ್ಲೇ ಐತಿ."

ಕಾಕಾ ನನ್ನತ್ತ ನೋಡಿ ತಲೆಯಾಡಿಸಿದರು. ನಾನು ಬಂದೂಕೆತ್ತಿ ಆ ತಗ್ಗಿನಲ್ಲಿ ನನ್ನ ಕೆನ್ನೆಯಿಟ್ಟೆ. ತಣ್ಣಗಿತ್ತು, ಮಗುವಿನ ಹಣೆಯಷ್ಟು ನುಣುಪಾಗಿತ್ತು. ನಾನೆಂದೂ ಕಾಣದ, ಫೋಟೋ ಕೂಡ ಉಳಿಯದ ಮನುಷ್ಯರ ಕೆನ್ನೆಗೆ ಕೆನ್ನೆ ತಾಗಿಸಿದಂತಾಯಿತು.

ಅಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. ಬಾಗಿಲ ಬಳಿ ಮುಧೋಳ ತಳಿಯ ಒಂದು ಬೇಟೆನಾಯಿ ಮಲಗಿತ್ತು. ಮರಿಯಾಗಿದ್ದಾಗ ತಿಮ್ಮಾಪುರದಿಂದ ತಂದದ್ದಂತೆ, ಈಗ ಮುದಿಯಾಗಿ ಎದ್ದು ನೀರು ಕುಡಿಯಲೂ ಬೇಸರಪಡುವ ಪ್ರಾಣಿ. ಕಾಕಾ ನಳಿಗೆಯನ್ನು ಮಡಚಿ ಮತ್ತೆ ಕೂಡಿಸಿದಾಗ 'ಕಟಕ್' ಎಂದು ಸದ್ದಾಯಿತು. ನಾಯಿ ಎದ್ದು ನಿಂತಿತು. ಕಿವಿ ಹಿಂದಕ್ಕೆ ಸರಿದವು, ಪಕ್ಕೆಯ ಚರ್ಮ ಅದುರಿತು. ನಮ್ಮನ್ನು ನೋಡಲೇ ಇಲ್ಲ, ಬಾಗಿಲಾಚೆ ಬಯಲಿನ ಕಡೆ ದೃಷ್ಟಿ ನೆಟ್ಟು ನಿಂತುಬಿಟ್ಟಿತು. ಬೇಟೆ ನಿಷೇಧವಾಗಿ ಎಷ್ಟೋ ಕಾಲದ ಮೇಲೆ ಹುಟ್ಟಿದ ನಾಯಿ ಅದು. ಮೊಲದ ಬೆನ್ನು ಹತ್ತಿದ್ದೂ ಇಲ್ಲ.

"ಬೇಟಿ ಅಂದ್ರ ಏನಂತ ಇದಕ್ಕ ಗೊತ್ತಿಲ್ಲ," ಎಂದರು ಆಯಿ ಮೆಲ್ಲಗೆ. "ಇದರ ರಕ್ತಕ್ಕ ಗೊತ್ತೈತಿ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮತ್ತೆಮತ್ತೆ ಕೆನ್ನೆ ಮುಟ್ಟಿಕೊಳ್ಳುತ್ತಿದ್ದೆ. ಕಾಕಾ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದರು. ಹುಚ್ಚು ಅಂಟುರೋಗವೆಂದು ಅವರಿಗೆ ತಿಳಿದಿತ್ತು.

ಕಾಕಾನ ನಿಜವಾದ ಹಬ್ಬ ಯಾವುದು ಗೊತ್ತೇ? ಚುನಾವಣೆ. ಚುನಾವಣೆ ಬಂತೆಂದರೆ ಪರವಾನಗಿಯ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕಲ್ಲ. ಸುತ್ತಲಿನ ಹಳ್ಳಿಗಳಿಂದ ಜನ ಗೋಣಿಚೀಲದಲ್ಲಿ, ಹಳೆಯ ಧೋತರದಲ್ಲಿ, ಕಬ್ಬಿನ ಗರಿಯಲ್ಲಿ ಸುತ್ತಿಕೊಂಡು ತರುವರು. ಕಾಕಾ ಮಡಿ ಧೋತರ ಉಟ್ಟು, ರುಮಾಲು ಸುತ್ತಿ, ಎಣ್ಣೆ ಡಬ್ಬಿ ಹಿಡಿದು, ಬೆಳಿಗ್ಗೆಯೇ ಠಾಣೆಯ ಕಟ್ಟೆಯ ಮೇಲೆ ಹಾಜರು. ಯಾವ ಪಕ್ಷ ಗೆದ್ದರೂ ಅವರಿಗೆ ನಷ್ಟವಿರಲಿಲ್ಲ.

"ಏನ್ರಿ ಸಂಗಪ್ನೋರ, ಕೊಟ್ಟ ಹೋಗ್ರಿ ಅಂದ್ರ ಇಲ್ಲೇ ಠಿಕಾಣಿ ಹೂಡೀರಲ್ಲ?" ಎಂದು ಹವಾಲ್ದಾರರು ಕೇಳಿದರೆ, "ನೀವು ಮ್ಯಾಳ ಮಾಡೀರಿ ಸಾಹೇಬ್ರ, ನೋಡಾಕ ಬಂದೇನಿ," ಎನ್ನುವರು.

ಕಾಕಾನ ಪರವಾನಗಿಯ ಎರಡನೇ ಬಂದೂಕು ಜಮಖಂಡಿಯಿಂದ ಬಂದದ್ದು. ವಿಲಾಯತಿಯದು. ಪಕ್ಕದ ಉಕ್ಕಿನ ಮೇಲೆ ಜೊಂಡಿನಿಂದ ಹಾರುವ ಒಂದು ಬಾತುಕೋಳಿಯ ಕೆತ್ತನೆ, ಅದರ ರೆಕ್ಕೆಯ ಗರಿಗಳನ್ನು ಎಣಿಸಬಹುದಿತ್ತು. ನೋಡಿದವರೆಲ್ಲ ಅದನ್ನೇ ಹೊಗಳುತ್ತಿದ್ದರು. ಮೂರನೆಯದನ್ನು ಯಾರೂ ಹೊಗಳಲಿಲ್ಲ. ಅದರ ಕಥೆಯನ್ನೇ ನಾನೀಗ ಹೇಳಬೇಕಾಗಿರುವುದು.

ಅದು ಗಲಗಲಿಯ ಹತ್ತಿರ ಕುರಿ ಕಾಯುತ್ತಿದ್ದ ಮಾಳಪ್ಪಜ್ಜನದು. ನೋಡಲು ಉದ್ದನೆಯ ಕಬ್ಬಿಣದ ಕೊಳವೆ, ಅದಕ್ಕೊಂದು ಮರದ ಹಿಡಿ. ತೋಟಾ ಹಾಕುವ ಬಾಗಿಲೇ ಇಲ್ಲ. ಮದ್ದನ್ನು ಬಾಯಿಯಿಂದಲೇ ಸುರಿಯಬೇಕು, ಅರಿವೆ ತುರುಕಬೇಕು, ಗಜವೆಂಬ ಉದ್ದನೆಯ ಸಲಾಕೆಯಿಂದ ಬಡಿದು ಕೂಡಿಸಬೇಕು, ಕೊನೆಗೆ ಹಿಂಬದಿಯ ಸಣ್ಣ ತೂತಿನ ಮೇಲೆ ತಾಮ್ರದ ಒಂದು ಕೇಪು ಇಡಬೇಕು. ಕುದುರೆ ಬಡಿದಾಗ ಕೇಪಿನ ಕಿಡಿ ಒಳಗಿಳಿಯುತ್ತದೆ. ಇಷ್ಟಾಗುವಷ್ಟರಲ್ಲಿ ಶತ್ರು ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಹೋಗಬಹುದು.

ಮಾಳಪ್ಪಜ್ಜನಿಗೆ ಮಂಡಿ ನೋವು. ಪರವಾನಗಿ ನವೀಕರಿಸಲು ಕಚೇರಿಗೆ ಅಲೆಯುವುದು ಆಗದು, ಮಗ ಸಿದ್ದಪ್ಪನಿಗೆ ಬಂದೂಕು ಬೇಡ. ಹೀಗಾಗಿ ಕಾಕಾನಿಗೆ ಹೇಳಿಕಳಿಸಿದ. ಕಾಗದಪತ್ರ ಮುಗಿದ ದಿನ ಕಾಕಾನ ಜೊತೆ ನಾನೂ ಹೋಗಿದ್ದೆ. ಮಾಳಪ್ಪಜ್ಜ ಹೊಸ ಕಂಬಳಿ ಹಾಸಿ, ಬಂದೂಕು ಮಲಗಿಸಿ, ಅದರ ನೆತ್ತಿಗೆ ಕುರಿಗಾರರ ದೇವರು ಬೀರಪ್ಪನ ಭಂಡಾರದ ಅರಿಸಿನ ಹಚ್ಚಿದ. ಮಗಳನ್ನು ಗಂಡನ ಮನೆಗೆ ಕಳಿಸುವಂತಿತ್ತು.

"ಇದರಿಂದ ಎಷ್ಟ ತೋಳಾ ಹೊಡದಿ ಅಜ್ಜಾ?" ಎಂದು ನಾನು ಕೇಳಿದೆ.

ಅಜ್ಜ ನನ್ನನ್ನು ವಿಚಿತ್ರವಾಗಿ ನೋಡಿದ. "ಯಾಕ ಹೊಡೀಲಿ ಯವ್ವಾ? ಅದಕ್ಕೂ ಬೀರಪ್ಪ ಹೊಟ್ಟಿ ಕೊಟ್ಟಾನಲ್ಲ? ತೋಳಕ್ಕ ಸಪ್ಪಳಾ ಸಾಕು. ಮುಗಲಿಗಿ ಹೊಡದರ ಮುಗದ ಹೋತು." ಆಮೇಲೆ ಕಾಕಾನಿಗೆ ಹೇಳಿದ: "ಇದರ ಹೊಟ್ಟಿ ಖಾಲಿ ಇಡ್ರಿ, ಬಾಯಿ ಒಣಾ ಇಡ್ರಿ. ಬ್ಯಾರೆ ಏನ ಬೇಡಂಗಿಲ್ಲ ಇದು."

ಮನೆಗೆ ಬಂದಾಗ ಕಾಕಿ ಬಾಗಿಲಲ್ಲೇ ನಿಂತು ಬಂದೂಕನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೂರನೇ ಸವತಿ ಬಂದ್ಲು. ಮೊದಲಿನ ಇಬ್ಬರಾದ್ರ ನೋಡಾಕ ಛಲೋ ಇದ್ರು. ಇಕಿ ನಮ್ಮತ್ತಿಗಿಂತ ಹಿರ್ಯಾಕಿ!"

ವರ್ಷಗಳು ಕಳೆದವು. ಮಾಳಪ್ಪಜ್ಜ ತೀರಿಕೊಂಡ. ನನ್ನನ್ನು ಅದೇ ಓಣಿಗೆ ಕೊಟ್ಟು ಮದುವೆ ಮಾಡಿದ್ದರಿಂದ ಕಾಕಾನ ಮನೆಯ ಒಡನಾಟ ತಪ್ಪಲಿಲ್ಲ. ಆಮೇಲೆ ಆ ಮಹಾಪೂರದ ವರ್ಷ ಬಂತು. ಕೃಷ್ಣೆ ದಂಡೆ ಮರೆತು ಹೊಲಗಳಿಗೆ ನುಗ್ಗಿದಳು. ನಾವು ರಬಕವಿ-ಬನಹಟ್ಟಿಯವರು ಮನೆಮನೆಯಿಂದ ಹೊದಿಕೆ, ಸೀರೆ ಕೂಡಿಸಿ ಗಲಗಲಿಯ ಪರಿಹಾರ ಕೇಂದ್ರಕ್ಕೆ ಒಯ್ದೆವು. ಕಾಕಾನೂ ಜೀಪಿನಲ್ಲಿ ಬಂದಿದ್ದರು. ಅಲ್ಲಿ ಹೊದಿಕೆ ಹಂಚುತ್ತಿದ್ದಾಗ ಯಾರೋ ಹೇಳಿದರು: ಮಾಳಪ್ಪಜ್ಜನ ಮಗ ಸಿದ್ದಪ್ಪ, ಅವನ ಹೆಂಡತಿ ಲಕ್ಕವ್ವ, ಇಬ್ಬರು ಸಣ್ಣ ಮಕ್ಕಳು, ಕುರಿಗಳ ಜೊತೆ ದಿಬ್ಬದ ಮೇಲೆ ಸಿಕ್ಕಿಕೊಂಡಿದ್ದಾರೆ.

ಓಡಿದೆವು. ಊರಾಚೆ ಹಳ್ಳವಿದ್ದ ಜಾಗದಲ್ಲಿ ಕೆಂಪು ನೀರಿನ ಹೊಳೆಯೊಂದು ಗುಡುಗುತ್ತಿತ್ತು. ಅದರಾಚೆ ಜಾಲಿ ಮರಗಳಿದ್ದ ದಿಬ್ಬ, ಅದರ ಹಿಂದೆ ಸಮುದ್ರದಂತೆ ಹರಡಿದ ನದಿ. ಮನುಷ್ಯರ ಮುಖ ಗುರುತಾಗದಿದ್ದರೂ ಆಕಾರ ಕಾಣುವಷ್ಟು ದೂರ. ಕೂಗಿದರೆ ಮಾತು ನೀರಿನ ಸದ್ದಿನಲ್ಲಿ ಕರಗಿಹೋಗುತ್ತಿತ್ತು. ದೋಣಿಗಳೆಲ್ಲ ಬೇರೆ ಊರುಗಳ ಜನರನ್ನು ತರಲು ಹೋಗಿದ್ದವು, ಇಲ್ಲಿಗೆ ನಾಳೆ ಎಂದು ಫೋನಿನಲ್ಲಿ ಹೇಳುತ್ತಿದ್ದರು. ದಿಬ್ಬ ಮಾತ್ರ ನಾಳೆಯವರೆಗೆ ಕಾಯುವಂತೆ ಕಾಣಲಿಲ್ಲ. ನಾವು ನೋಡುತ್ತಿದ್ದಂತೆಯೇ ಅದರ ಅಂಚು ಸಣ್ಣಗಾಗುತ್ತಿತ್ತು.

ಹನಮಂತನೆಂಬ ಅಂಬಿಗ ತನ್ನ ತೆಪ್ಪವನ್ನು ದಂಡೆಗೆ ತಂದಿಟ್ಟಿದ್ದ. "ಹಗ್ಗದ ಒಂದ ತುದಿ ಆ ಕಡೆ ಮುಟ್ಟಸ್ರಿ, ನಾ ಹಗ್ಗಾ ಹಿಡಕೊಂಡ ಹೋಗತೇನಿ," ಎಂದ. "ಹಗ್ಗ ಇಲ್ಲದ ಇಳದ್ನಂದ್ರ ಸೀದಾ ಆಲಮಟ್ಟಿ ಡ್ಯಾಮಿಗೇ ಮುಟ್ಟತೇನಿ." ಗಟ್ಟಿಮುಟ್ಟಾದ ಹುಡುಗರು ಹಗ್ಗಕ್ಕೆ ಕಲ್ಲು ಕಟ್ಟಿ ಎಸೆದರು. ಅರ್ಧಕ್ಕೂ ಹೋಗಲಿಲ್ಲ.

ಕಾಕಾ ತಟ್ಟನೆ ನನ್ನ ಕೈ ಹಿಡಿದರು. "ಹಗ್ಗ ಭಾರ ಆತು ಅವ್ವಾ. ದಾರಾ ಹೋದರ ಸಾಕು. ದಾರದ ಬೆನ್ನಿಗಿ ಹುರಿ, ಹುರಿ ಬೆನ್ನಿಗಿ ಹಗ್ಗಾ. ನಡಿ, ಮನಿಗಿ ಹೋಗೂಣು."

"ದಾರಾ ಹೆಂಗ ಹೋಗತೈತಿ ಕಾಕಾ?"

"ಬಂದೂಕಿನಿಂದ. ಮುಳಗೂ ಹಡಗಿನವರಿಗಿ ದಂಡಿಯಿಂದ ಹಿಂಗ ದಾರಾ ಹಾರಸ್ತಿದ್ರಂತ, ಎಲ್ಲೋ ಓದೇನಿ. ತೋಟಾದ ಬಂದೂಕ ಇದಕ್ಕ ಬರಂಗಿಲ್ಲ. ಬಾಯಿಂದ ತುಂಬೋದ ಬೇಕು. ಮಾಳಪ್ಪಂದು."

ಖರೆ ಹೇಳುತ್ತೇನೆ, ಕಾಕಾನಿಗೆ ಗಾಬರಿಯಲ್ಲಿ ತಲೆ ಕೆಟ್ಟಿತೆಂದುಕೊಂಡೆ. ಆದರೂ ಜೀಪು ತಿರುಗಿಸಿದೆವು. ಮನೆಯಲ್ಲಿ ವಿಷಯ ಕೇಳಿದ ಕಾಕಿ ಒಂದು ಕ್ಷಣವೂ ಜಗಳಕ್ಕೆ ನಿಲ್ಲಲಿಲ್ಲ. "ದಾರಾ ನೀವ ಮುಟ್ಟಬ್ಯಾಡ್ರಿ," ಎಂದರು. "ಗಂಡಸರ ಕೈಯಾಗ ಸಿಕ್ಕಾಕ್ಕೈತಿ. ನಾನ ಬರತೇನಿ." ಮಗ್ಗಕ್ಕೆ ಹಾಕಲಿಟ್ಟ ಗಟ್ಟಿ ನೂಲನ್ನು ಎಳೆ ಕೂಡಿಸಿ ಉದ್ದನೆಯ ದಾರ ಮಾಡಿದರು. ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತ ಎತ್ತಿಕೊಂಡು ಜೀಪು ಹತ್ತಿದರು. ದಾರಿಯುದ್ದಕ್ಕೂ ಆ ಪರಾತವನ್ನು ಮಡಿಲಲ್ಲಿಟ್ಟುಕೊಂಡು, ದಾರವನ್ನು ಅತ್ತಿಂದಿತ್ತ ಇತ್ತಿಂದತ್ತ, ಒಂದರ ಮೇಲೊಂದು ಬೀಳದ ಹಾಗೆ ಮಲಗಿಸುತ್ತ ಬಂದರು. ಜೀಪು ಕುಪ್ಪಳಿಸಿದಾಗಲೆಲ್ಲ ಅಂಗೈ ಮುಚ್ಚಿ ದಾರ ಕಾಯುತ್ತಿದ್ದರು.

ದಂಡೆಯಲ್ಲಿ ಪೊಲೀಸರು ತಡೆದರು. ಮಳೆ, ಜನರ ಗದ್ದಲ, ನಡುವೆ ಬಂದೂಕು ಹಿಡಿದು ಬರುವ ಮುದುಕ, ಯಾರಾದರೂ ತಡೆಯುವವರೇ. ಆದರೆ ಅವರಲ್ಲಿ ಬನಹಟ್ಟಿಯಿಂದ ವರ್ಗವಾಗಿ ಬಂದ ಹವಾಲ್ದಾರರೊಬ್ಬರಿದ್ದರು. "ಏ, ಇವರು ನಮ್ಮ ಇಲೆಕ್ಷನ್ ಸಂಗಪ್ನೋರು. ಬಿಡ್ರಿ, ಬಿಡ್ರಿ," ಎಂದು ದಾರಿ ಮಾಡಿಸಿದರು. ಸಾಹೇಬರಿಗೆ ಎಲ್ಲ ವಿವರಿಸಿ ಒಪ್ಪಿಗೆಯನ್ನೂ ಪಡೆದರು.

ಕಾಕಾ ಬಂದೂಕನ್ನು ಹೆಗಲಿಗೇರಿಸಿ ವೀರನಂತೆ ನಿಲ್ಲುತ್ತಾರೆ ಎಂದು ನಾನು ಕಾದಿದ್ದೆ. ಅವರು ಹಾಗೇನೂ ಮಾಡಲಿಲ್ಲ. ಮುದಿ ಕಬ್ಬಿಣ ಸಿಡಿದರೆ ಹಿಡಿದವನ ಮುಖವೇ ಹೋಗುತ್ತದೆ. ದಂಡೆಯಲ್ಲಿ ನಿಂತಿದ್ದ ಒಂದು ಟ್ರ್ಯಾಕ್ಟರಿನ ಡಬ್ಬಿಯಲ್ಲಿ, ಅಂದರೆ ಟ್ರೇಲರಿನಲ್ಲಿ, ಮರಳಿನ ಚೀಲಗಳನ್ನು ಹೇರಿಸಿ, ನಡುವೆ ಬಂದೂಕನ್ನು ಕರು ಕಟ್ಟಿದಂತೆ ಬಿಗಿಯಾಗಿ ಕಟ್ಟಿದರು. ದಿಬ್ಬದ ತುದಿಯ ಜಾಲಿ ಮರದ ನೆತ್ತಿಗೆ, ಜನರಿಂದ ಪಕ್ಕಕ್ಕೆ, ಗುರಿಯಿಟ್ಟರು. ಮಾಳಪ್ಪಜ್ಜನ ಕಾಲದ ಮದ್ದು ಉಳಿದದ್ದು ಒಂದೇ ಸಲಕ್ಕೆ ಸಾಲುವಷ್ಟು. ಅದನ್ನು ಸುರಿದು, ಕಬ್ಬಿಣದ ಗಜವನ್ನೇ ಗುಂಡಿನ ಬದಲಿಗೆ ಒಳಗಿಳಿಸಿದರು. ಹೊರಗುಳಿದ ಅದರ ತುದಿಗೆ, ಬೆಂಕಿಗೆ ಸುಡದಂತೆ ಮೊದಲು ಒಂದು ತುಂಡು ತಂತಿ, ತಂತಿಗೆ ದಾರ. ಕುದುರೆ ಬೀಳಿಸಲು ಒಂದು ಲಾಡಿ. ಕಾಕಿ ಪರಾತದ ಪಕ್ಕ ಕೆಸರಲ್ಲೇ ಕೂತು ದಾರದ ಮೇಲೆ ಸೆರಗು ಹಿಡಿದಿದ್ದರು.

ಆಚೆ ದಿಬ್ಬದಲ್ಲಿ ಚಲನೆ ಕಂಡಿತು. ಸಿದ್ದಪ್ಪ ಮುಂದೆ ಬಂದು ಎರಡೂ ಕೈ ಅಗಲಿಸಿ ನಿಂತ.

"ತಯಾರ ಅದೀನಿ ಅನ್ನಾಕತ್ತಾನ," ಎಂದರು ಕಾಕಾ. ನಮಗೆಲ್ಲ ಹಾಗೇ ಕಂಡಿತು. ಎಲ್ಲರನ್ನೂ ದೂರ ಸರಿಸಿ, ಡಬ್ಬಿಯ ಮರೆಗೆ ಕೂತು ಲಾಡಿ ಎಳೆದರು.

'ಟಪ್.' ಕೇಪು ಮಾತ್ರ ಚಿಟಗುಟ್ಟಿತು. ಬಂದೂಕು ಸುಮ್ಮನಿತ್ತು.

ಕಾಕಾ ಸ್ವಲ್ಪ ಹೊತ್ತು ಕಾದು, ಎದ್ದು ಹೋಗಿ, ಒದ್ದೆಯಾದ ಕೇಪು ತೆಗೆದು, ತೂತಿನ ಬಾಯಿ ಒರೆಸಿ, ಇನ್ನೊಂದನ್ನಿಟ್ಟರು. ಮತ್ತೆ ಎಳೆದರು.

ಅಂಥ ಸದ್ದನ್ನು ನಾನು ಮೊದಲು ಕೇಳಿರಲಿಲ್ಲ. ಬಿಳಿಯ ಹೊಗೆ ಎದ್ದು ನಮ್ಮನ್ನೆಲ್ಲ ನುಂಗಿತು. ಪರಾತದಿಂದ ದಾರ ಸುರ್ರೆಂದು, ಬುಟ್ಟಿಯಿಂದ ಹಾವು ಹೊರಟಂತೆ, ಮೇಲೇಳತೊಡಗಿತು. ಹೊಗೆ ಸರಿದಾಗ ತಲೆಯೆತ್ತಿ ನೋಡಿದೆ. ಬೂದು ಆಕಾಶದಲ್ಲಿ ಒಂದು ಎಳೆ. ಕೆಂಪು ನೀರಿನ ಮೇಲೆ, ಆ ಗುಡುಗಿನ ಮೇಲೆ, ನಮ್ಮ ಮನೆಯ ನೂಲು ಕಮಾನಿನಂತೆ ಬಾಗಿ ಹೋಗುತ್ತಿತ್ತು. ಎಷ್ಟು ಸಣ್ಣಗಿತ್ತೆಂದರೆ ಒಮ್ಮೆ ಕಂಡರೆ ಒಮ್ಮೆ ಕಾಣುತ್ತಿರಲಿಲ್ಲ. ದೇವರನ್ನು ಕಂಡೆ ಎನ್ನುವವರನ್ನು ನಾನು ಅಷ್ಟಾಗಿ ನಂಬುವವಳಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಕೈಗಳು ತಾವಾಗಿ ಮುಗಿದವು. ಗಜ ಜಾಲಿ ಮರದಾಚೆ ಬಿತ್ತು. ದಾರ ಮುಳ್ಳಿನ ಕೊಂಬೆಗೆ ತೂಗಿಕೊಂಡಿತು.

ಲಕ್ಕವ್ವ ಓಡಿ ಬಂದು ದಾರ ಹಿಡಿದಳು. ಜೋರಾಗಿ ಎಳೆದರೆ ಹರಿಯುತ್ತಿತ್ತು. ಕೂಗಿದರೆ ಕೇಳುವುದಿಲ್ಲ. ಆಗ ಕಾಕಿ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, ಗಾಳಿಯಲ್ಲೇ ರಾಟೆಯಿಂದ ನೂಲು ಸುತ್ತುವ ಹಾಗೆ ಮೆಲ್ಲಗೆ, ಮೆಲ್ಲಗೆ ಮಾಡಿ ತೋರಿಸಿದರು. ಉಣ್ಣೆ ನೂತು ಬೆಳೆದ ಹೆಂಗಸು ಲಕ್ಕವ್ವ. ಕ್ಷಣದಲ್ಲಿ ತಿಳಿದುಕೊಂಡಳು. ಈ ದಂಡೆಯ ಹತ್ತಿಯವಳು, ಆ ದಂಡೆಯ ಉಣ್ಣೆಯವಳು, ನಡುವೆ ಹುಚ್ಚು ಹೊಳೆ, ಇಬ್ಬರೂ ಒಂದೇ ಲಯದಲ್ಲಿ ಕೈ ಆಡಿಸುತ್ತಿದ್ದರು. ದಾರದ ಬೆನ್ನಿಗೆ ಹುರಿ ಹೋಯಿತು, ಹುರಿಯ ಬೆನ್ನಿಗೆ ಹಗ್ಗ. ಸಿದ್ದಪ್ಪ ಅದನ್ನು ಮರಕ್ಕೆ ಬಿಗಿದ. ಹನಮಂತ ತೆಪ್ಪ ಇಳಿಸಿದ. ಮಕ್ಕಳೂ ಲಕ್ಕವ್ವನೂ ಈ ದಂಡೆಗೆ ಬಂದರು.

ಸಿದ್ದಪ್ಪ ಬರಲಿಲ್ಲ. ಕುರಿ ಬಿಟ್ಟು ಬರುವುದಿಲ್ಲವೆಂದು ಕೈಯಾಡಿಸಿ, ಹಗ್ಗ ಕಟ್ಟಿದ ಮರದ ಬುಡದಲ್ಲಿ ಕುಳಿತ. ಆದರೆ ಹಗ್ಗವಿತ್ತಲ್ಲ, ಹನಮಂತ ಅವನಿಗೆ ರೊಟ್ಟಿ, ಹೊದಿಕೆ ಮುಟ್ಟಿಸಿ ಬಂದ. ಮರುದಿನ ನೀರು ಇಳಿಯತೊಡಗಿತು. ಸಿದ್ದಪ್ಪ ಉಳಿದ, ಹೆಚ್ಚುಕಡಿಮೆ ಮಂದೆಯೂ ಉಳಿಯಿತು.

ಮನೆಗೆ ಬಂದು ಬಂದೂಕು ತೊಳೆಯುವಾಗ ಕಾಕಾ ನನ್ನನ್ನು ಕರೆದು ತೋರಿಸಿದರು. ನಳಿಗೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಇನ್ನೊಮ್ಮೆ ಅದರಿಂದ ಗುಂಡು ಹೊಡೆಯುವಂತಿರಲಿಲ್ಲ.

ಸ್ವಲ್ಪ ಕಾಲದಲ್ಲೇ ಕಾನೂನು ಬದಲಾಯಿತು. ಒಬ್ಬರ ಬಳಿ ಇನ್ನು ಎರಡೇ ಇರಬೇಕು, ಮೂರನೆಯದನ್ನು ಒಪ್ಪಿಸಬೇಕು. ನಮಗೆಲ್ಲ ಸಮಾಧಾನ. ಬಿರುಕು ಬಿಟ್ಟದ್ದೊಂದು ಇದ್ದೇ ಇದೆಯಲ್ಲ, ಕೊಟ್ಟರಾಯಿತು. ಕಾಕಾ ಬಾತುಕೋಳಿಯ ವಿಲಾಯತಿ ಬಂದೂಕನ್ನು ಒರೆಸಿ, ಬಟ್ಟೆ ಸುತ್ತಿ, ಕೊಟ್ಟು ಬಂದರು. ಕೆಲವು ದಿನ ಊಟ ಸರಿಯಾಗಿ ಮಾಡಲಿಲ್ಲ. ಕಾಕಿಯೇ ಹೇಳಿದರು: "ಇರ್ಲಿ ಬಿಡ್ರಿ. ಹಿರೀ ಸವತಿ ಮನ್ಯಾಗ ಉಳದ್ಲು."

ಆಮೇಲಿನಿಂದ ಮನೆಗೆ ಯಾರೇ ಬರಲಿ, ಕಾಕಾ ಆ ದಿನದ ಕಥೆ ಹೇಳುವರು. ಮದ್ದು ಸುರಿದದ್ದು, ಗುರಿಯಿಟ್ಟದ್ದು, ಕೇಪು ಕೈಕೊಟ್ಟದ್ದು. ನಾನೂ ಪಕ್ಕದಲ್ಲಿ ಕುಳಿತು ದಾರದ ಭಾಗವನ್ನು ಸೇರಿಸುತ್ತಿದ್ದೆ. ನಮ್ಮಿಬ್ಬರಿಗೂ ಸ್ವಲ್ಪ ಜಂಬ ಬಂದಿತ್ತೆಂದರೆ ಸುಳ್ಳಲ್ಲ.

ಮೊನ್ನೆ ಮಗ್ಗದ ಎಣ್ಣೆಯ ವಾಸನೆ ಹತ್ತಿದಾಗ ನನಗೆ ಇದೆಲ್ಲ ಉಕ್ಕಿ ಬಂದಿತು. ಕಾಕಾನ ಬಳಿ ಹೋಗಿ, "ಗಲಗಲಿಗಿ ಹೋಗಿ ಬರೂಣೇನ್ರಿ?" ಎಂದೆ. ಅವರಿಗೆ ಈಗ ಕಣ್ಣು ಮಂಜು, ಆದರೂ ರುಮಾಲು ಸುತ್ತಿ ಹೊರಟೇ ಬಿಟ್ಟರು. ಲಕ್ಕವ್ವ ಕಂಬಳಿ ಹಾಸಿ ಕೂರಿಸಿ, ಹಾಲು ಕಾಸಿ ತಂದಳು. ಮಕ್ಕಳು ನಮ್ಮೆತ್ತರಕ್ಕೆ ಬೆಳೆಯುತ್ತಿದ್ದರು. ಮಾತು ಸಹಜವಾಗಿ ಆ ದಿನಕ್ಕೆ ಹೊರಳಿತು. ಕಾಕಾ ಎಂದಿನಂತೆ ಶುರು ಮಾಡಿದರು. ಸಿದ್ದಪ್ಪ ಕೈ ಅಗಲಿಸಿ ತಯಾರಿದ್ದೇನೆಂದು ತೋರಿಸಿದ್ದನ್ನು ಹೇಳುವಾಗ ಲಕ್ಕವ್ವ ತಲೆ ತಗ್ಗಿಸಿ ನಕ್ಕಳು.

"ಅದು ತಯಾರ ಅದೀನಿ ಅಂತಲ್ರಿ ಯಪ್ಪಾ."

"ಮತ್ತ?"

"ನಿಮ್ಮ ಮಾತು ನಮಗ ಕೇಳತಿದ್ದಿಲ್ಲ. ಮಂದಿ ಕೂಗತಾರ, ಬಂದೂಕ ಕಟ್ಟತಾರ, ಅದರ ಬಾಯಿ ನಮ್ಮ ಕಡೆ ಐತಿ. ಇಷ್ಟ ಕಂಡಿದ್ದು. ನಮ್ಮ ಮನ್ಯಾರು 'ಮಕ್ಕಳನ್ನ ಹಿಂದ ಹಾಕು' ಅಂದ್ರು. ತಾವು ಕೈ ಅಗಲಾ ಮಾಡಿ ಮುಂದ ನಿಂತ್ರು. ಗುಂಡ ಬಂದರ ತಮಗ ಬಡೀಲಿ ಅಂತ."

ಸಿದ್ದಪ್ಪ ಬಾಗಿಲ ಬಳಿ ಕುರಿಯ ಕಾಲಿಗೆ ಔಷಧ ಹಚ್ಚುತ್ತ ಕುಳಿತಿದ್ದ. ತಲೆಯೆತ್ತಲಿಲ್ಲ.

"ನಾವ್ಯಾಕ ನಿಮಗ ಹೊಡಿಯೂಣವ್ವಾ?" ಕಾಕಾನ ದನಿ ಸಣ್ಣಗಾಗಿತ್ತು.

"ಯಾಕಂತ ವಿಚಾರ ಬರಲಿಲ್ರಿ. ಬಂದೂಕ ಕಂಡರ ಮನಶ್ಯಾ ವಿಚಾರ ಮಾಡಂಗಿಲ್ಲ. ಮೊದಲ ಹೊಗಿ ಕಂಡಿತು. ನಾ ಮಕ್ಕಳನ್ನ ಅವಚಿಕೊಂಡು ಕಣ್ಣ ಮುಚ್ಚಿದೆ. ಆಮ್ಯಾಲ ಸಪ್ಪಳಾ ಬಂತು. ಕಣ್ಣ ತೆರದ ನೋಡತೇನಿ, ಇವರು ನಿಂತೇ ಅದಾರ. ಇವರ ಮಗ್ಗಲದ ಜಾಲಿಗಿಡದ ಮ್ಯಾಲಿಂದ ದಾರಾ ಇಳೀಲಾಕತ್ತೈತಿ."

ಕಾಕಾ ಹಾಲಿನ ಲೋಟವನ್ನು ಕುಡಿಯದೇ ಕೆಳಗಿಟ್ಟರು. ಅರ್ಧ ಆಯುಷ್ಯ ಬಂದೂಕಿನ ಹಿಂದೆ ನಿಂತು ನೋಡಿದವರು ಅವರು, ಅದರ ಕೆತ್ತನೆ, ಅದರ ನುಣುಪು, ಅದರೊಳಗಿನ ಬೆಳಕು. ಎದುರಿಗೆ ನಿಂತವನಿಗೆ ಅದು ಹೇಗೆ ಕಾಣುತ್ತದೆಂದು ನಮ್ಮಿಬ್ಬರಲ್ಲಿ ಯಾರೂ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ತಂಗಿ," ಎಂದರು ಕೊನೆಗೆ, "ಅದು ನನಗ ಹೊಳೀಲೇ ಇಲ್ಲ."

"ಹೊಳದಿದ್ರ ನೀವು ಹೊಡೀತಿದ್ದಿಲ್ರಿ," ಎಂದಳು ಲಕ್ಕವ್ವ. "ಹೊಳೀಲಿಲ್ಲ, ಛಲೋ ಆತು."

ಹೊರಡುವಾಗ ಕಾಕಾ ಸಿದ್ದಪ್ಪನ ಹತ್ತಿರ ಹೋದರು. ತಮಗಿಂತ ಎಷ್ಟೋ ಚಿಕ್ಕವನಾದ ಆತನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ಸಿದ್ದಪ್ಪ ಮುಜುಗರದಿಂದ, "ಔಷಧ ಹತ್ತೀತ್ರಿ ಯಪ್ಪಾ," ಎಂದ.

ನಿನ್ನೆ ಸಂಜೆ ಕಾಕಾನ ಮನೆಗೆ ಇಳಕಲ್ಲಿನಿಂದ ನೆಂಟರು ಬಂದಿದ್ದರು. ಗೋಡೆಯ ಮೇಲಿನ ಮಾಳಪ್ಪಜ್ಜನ ಬಂದೂಕು ನೋಡಿ ಅದರ ಕಥೆ ಕೇಳಿದರು. ನಾನು ನನ್ನ ಪಾಲಿನ ದಾರ ಸೇರಿಸಲು ತಯಾರಾಗಿ ಕುಳಿತೆ. ಕಾಕಾ ಗಂಟಲು ಸರಿಮಾಡಿಕೊಂಡು ಆರಂಭಿಸಿದರು:

"ದಿಬ್ಬದ ಮ್ಯಾಲ ಒಬ್ಬಾಂವ ನಿಂತಿದ್ದ. ಸುತ್ತಲೂ ನೀರು. ಅವನ ಬೆನ್ನ ಹಿಂದ ಹೆಂಡ್ತಿ, ಮಕ್ಕಳು. ಎದುರಿಗಿ ಏನೈತಂತ ಅವಗ ಗೊತ್ತಿದ್ದಿಲ್ಲ. ಆದರೂ ಎರಡೂ ಕೈ ಅಗಲಾ ಮಾಡಿದ..."

ಬಂದೂಕಿನ ಮಾತು ಬರಲು ಇನ್ನೂ ಬಹಳ ಹೊತ್ತಿತ್ತು. ನಾನು ಸುಮ್ಮನೆ ಕೇಳುತ್ತ ಕುಳಿತೆ.